ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಹೊಸ ಕ್ಯಾಮೆರಾಗೆ ಕಣ್ಣಿಟ್ಟರೆ ಎಲ್ಲವೂ ಮಸುಕು. ಲೆನ್ಸಿನ ತಪ್ಪಲ್ಲ. ವ್ಯೂಫೈಂಡರ್ ಪಕ್ಕದಲ್ಲಿ ಕಡಲೆಬೇಳೆಯಷ್ಟು ಗಾತ್ರದ ಒಂದು ಚಕ್ರವಿದೆ. ನೋಡುವವರು ತಮ್ಮ ಕಣ್ಣಿಗೆ ತಕ್ಕಂತೆ ಅದನ್ನು ತಿರುಗಿಸಿಕೊಳ್ಳಬೇಕು. ಶನಿವಾರ ನಾನು ಅದನ್ನು ನಟ್ಟನಡುವೆ ಇಟ್ಟು ಹೋಗಿದ್ದೆ. ಇವತ್ತು ಅದು ಒಂದು ತುದಿಗೆ ಹೋಗಿ ಕೂತಿತ್ತು.

ಭಾನುವಾರ ಸ್ಟುಡಿಯೊ ರಜೆ. ಕೀಲಿ ಇರುವುದು ಮಾಲೀಕರಾದ ಲಕ್ಷ್ಮೀಪತಿ ಸಾರ್ ಬಳಿ ಮಾತ್ರ. ‘ಈ ಆಟದ ಸಾಮಾನನ್ನ ನಾನು ಮುಟ್ಟೋದೂ ಇಲ್ಲ’ ಎಂದು ಶನಿವಾರ ಎಲ್ಲರ ಮುಂದೆ ಹೇಳಿದವರು ಅವರೇ.

ಕ್ಯಾಮೆರಾ ನಮ್ಮದಲ್ಲ. ಬಳಸಿ ನೋಡಿ ಎಂದು ಅಂಗಡಿಯವರು ಎರಡು ಲೆನ್ಸಿನ ಜೊತೆ ಕೊಟ್ಟಿದ್ದಾರೆ. ಹದಿನೇಳಕ್ಕೆ ಉತ್ತರ ಹೇಳಬೇಕು. ಬೇಕು ಎಂದರೆ ಸಾರ್ ಅವರ ಹಳೆಯ ಕ್ಯಾಮೆರಾಗಳು, ಲೆನ್ಸುಗಳು ಎಲ್ಲವೂ ಎಕ್ಸ್‌ಚೇಂಜಿಗೆ ಹೋಗುತ್ತವೆ. ಬೇಡ ಎಂದರೆ ಮಂಜಣ್ಣ ಹೋಗುತ್ತಾನೆ. ನಮ್ಮ ವಿಡಿಯೊ ಎಲ್ಲ ಅವನದೇ ಕೆಲಸ. ರಾಜಾಜಿನಗರದ ಒಂದು ತಂಡ ಅವನನ್ನು ಕರೆಯುತ್ತಿದೆ ಎಂದು ಮೆಟ್ಟಿಲ ಮೇಲೆ ನನ್ನೊಬ್ಬಳಿಗೇ ಹೇಳಿದ. ನನಗೆ ಹೇಳಿದರೆ ಯಾರಿಗೂ ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಇವತ್ತೂ ಅದೇ ವಾದ ನಡೆಯಿತು.

“ಸಾರ್, ಮುಖದಲ್ಲಿ ಕಣ್ಣೆಲ್ಲಿದೆ ಅಂತ ಅದೇ ಹುಡುಕಿ ಫೋಕಸ್ ಮಾಡುತ್ತೆ. ನೀವು ಬಟನ್ ಒತ್ತಿದ್ರೆ ಸಾಕು.”

“ಒಳಗಡೆ ಕನ್ನಡಿನೇ ಇಲ್ಲ. ತೂತಲ್ಲಿ ಒಂದು ಸಣ್ಣ ಟಿವಿ ಇಟ್ಟಿದಾರೆ, ಅಷ್ಟೇ. ತಾಳಿ ಕಟ್ಟೋವಾಗ ಇಪ್ಪತ್ತು ಜನ ತಲೆ ತೂರಿಸ್ತಾರೆ ಕಣಯ್ಯ. ಅದ್ರಲ್ಲಿ ಯಾರ ಕಣ್ಣು ಅಂತ ಇದಕ್ಕೇನ್ ಗೊತ್ತು?”

“ಅದನ್ನ ನೀವು ಹೇಳ್ಬೇಕು ಸಾರ್.”

“ಅಷ್ಟೆಲ್ಲ ಹೇಳ್ಕೊಡೋದಾದ್ರೆ ನಾನೇ ತೆಗೀತೀನಲ್ಲ!”

ನಾನು ಆಲ್ಬಮ್ ಪುಟ ಜೋಡಿಸುತ್ತ ಕೂತಿದ್ದೆ. ಕನ್ನಡ ಎಂ.ಎ. ಮುಗಿಸಿ, ಪಾಠ ಹೇಳುವ ಧೈರ್ಯವಿಲ್ಲದೆ, ಯಾರ ಜೊತೆಗೂ ಮಾತಾಡದೆ ಮಾಡುವ ಕೆಲಸ ಎಂದು ಇಲ್ಲಿಗೆ ಬಂದವಳು. ಹೋದ ಸೀಸನ್ನಿನಿಂದ ಮದುವೆಗಳಲ್ಲಿ ಹೆಣ್ಣಿನ ಕೋಣೆಯ ಫೋಟೊಗಳನ್ನೂ ತೆಗೆಯುತ್ತೇನೆ. ಸಾರ್ ಕಲಿಸಿದ್ದು.

ಸಂಜೆ ಹೊರಡುವಾಗ ಚಕ್ರವನ್ನು ಮತ್ತೆ ಆ ತುದಿಗೇ ತಿರುಗಿಸಿಟ್ಟೆ. ಯಾಕೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಯಾರೂ ನೋಡಲಿಲ್ಲ ಎಂದು ಅವರಿಗೆ ಅನಿಸಲಿ ಎಂದಿರಬೇಕು.

ಬೆಳಿಗ್ಗೆ ಬಸ್ಸಿನಲ್ಲಿ ನಮ್ಮ ಸ್ಟಾಪಿನಲ್ಲಿ ‘ಹೋಲ್ಡಾನ್’ ಎಂದು ಕೂಗಿ ನಿಲ್ಲಿಸಲು ಬಾಯಿ ಬರಲಿಲ್ಲ. ಹಾವನೂರು ಸರ್ಕಲ್ ದಾಟಿ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆದೆ.

ಫೆಬ್ರವರಿ 4

ಚಕ್ರ ಇವತ್ತು ಇನ್ನೊಂದು ತುದಿಯಲ್ಲಿತ್ತು.

ಒಂದೇ ಕಡೆ ನಿಂತಿದ್ದರೆ ಕನ್ನಡಕದ ನಂಬರು ಬದಲಾಗಿದೆ ಎನ್ನಬಹುದಿತ್ತು. ಇದು ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡಿದ ಹಾಗಿದೆ.

ಫೆಬ್ರವರಿ 6, ಗುರುವಾರ

ಕುರುಬರಹಳ್ಳಿಯಲ್ಲಿ ನಾಮಕರಣ. ಮಂಜಣ್ಣ ಹಟ ಹಿಡಿದು ಹೊಸ ಕ್ಯಾಮೆರಾವನ್ನು ಸಾರ್ ಕೊರಳಿಗೇ ಹಾಕಿದ. ‘ಒಂದು ಗಂಟೆ ತೆಗೀರಿ, ಆಮೇಲೆ ಬೈಯಿರಿ’ ಎಂದ. ಸಾರ್ ತೊಟ್ಟಿಲ ಶಾಸ್ತ್ರ ಪೂರ್ತಿ ತೆಗೆದರು. ಮಗುವನ್ನು ಎತ್ತಿಕೊಂಡ ಸೋದರತ್ತೆಯನ್ನು ಬೆಳಕಿನ ಕಡೆ ತಿರುಗಿಸಿದ್ದು, ಅಜ್ಜನಿಂದ ನಗು ಹೊರಡಿಸಿದ್ದು, ಅದೆಲ್ಲ ಎಂದಿನ ಹಾಗೇ ಇತ್ತು. ಅವರು ‘ಅಮ್ಮ, ಸ್ವಲ್ಪ ಈ ಕಡೆ’ ಎಂದರೆ ಮುನಿಸಿಕೊಂಡ ನಾದಿನಿಯರೂ ಹತ್ತಿರ ಬಂದು ನಿಲ್ಲುತ್ತಾರೆ.

ಸ್ಟುಡಿಯೊಗೆ ಬಂದು ಕಂಪ್ಯೂಟರಿನಲ್ಲಿ ತೆರೆದೆವು. ತೊಟ್ಟಿಲಿಗೆ ಸುತ್ತಿದ ಸೇವಂತಿಗೆಯ ಎಸಳು ಎಸಳೂ ಸ್ಪಷ್ಟವಾಗಿತ್ತು. ಮಗುವಿನ ಮುಖ ಹಾಲಿನಲ್ಲಿ ಅದ್ದಿದ ಹಾಗಿತ್ತು. ಮುಂದಿನದರಲ್ಲಿ ಕಿಟಕಿಯ ಪರದೆ ಸ್ಪಷ್ಟ. ಅದರ ಮುಂದಿನದರಲ್ಲಿ ಯಾರದೋ ಮೊಣಕೈ.

“ನೋಡ್ದೇನಯ್ಯಾ ನಿನ್ನ ಬುದ್ಧಿವಂತನ್ನ? ಮಗು ಬಿಟ್ಟು ಮೊಣಕೈ ಹಿಡ್ಕೊಂಡಿದೆ.”

“ಸಾರ್, ಇದೇ ಕ್ಯಾಮೆರಾದಲ್ಲಿ ಸ್ಮೃತಿ ತೆಗೆದಿರೋದು ನೋಡಿ. ಒಂದೂ ಮಿಸ್ ಆಗಿಲ್ಲ.” ಮಂಜಣ್ಣ ನನ್ನ ಕಡೆ ಕೈ ತೋರಿಸಿದ.

“ಹಂಗಾದ್ರೆ ನಂಗೆ ಫೋಟೊ ತೆಗಿಯಕ್ಕೆ ಬರಲ್ಲ ಅಂತೀಯ?”

ಮಂಜಣ್ಣ ವೈರುಗಳನ್ನು ಸುತ್ತಿ ಬ್ಯಾಗಿಗೆ ಎಸೆದು ಹೊರಟ. ಇಬ್ಬರೂ ನನ್ನ ಕಡೆ ನೋಡಿದ್ದರು. ನಾನು ಮೌಸ್ ಹಿಡಿದು ಕೂತಿದ್ದೆ, ಅಷ್ಟೇ.

ನಾನು ಬರೆಯದೆ ಬಿಟ್ಟದ್ದು ಒಂದಿದೆ. ಹಳೆಯ ಕ್ಯಾಮೆರಾದಲ್ಲಿ ಸಾರ್ ತೆಗೆದ ಫೋಟೊಗಳೂ ದೀಪಾವಳಿಯಿಂದೀಚೆಗೆ ಹೀಗೇ. ಆಲ್ಬಮ್ಮಿಗೆ ಆರಿಸುವವಳು ನಾನು. ಮಸುಕಾದವನ್ನು ಬದಿಗಿಟ್ಟು ನನ್ನವನ್ನೋ, ಮಂಜಣ್ಣನ ವಿಡಿಯೊದಿಂದ ಹೆಕ್ಕಿದ್ದನ್ನೋ ಹಾಕುತ್ತ ಬಂದಿದ್ದೇನೆ. ಲೆನ್ಸ್ ಹಳೆಯದಾಗಿದೆ ಎಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಫೆಬ್ರವರಿ 8, ಶನಿವಾರ

ಹೊಸ ಕ್ಯಾಮೆರಾದ ಹಿಂಬದಿಯ ಸ್ಕ್ರೀನನ್ನು ಒರೆಸುತ್ತಿದ್ದೆ. ಬಲ ಅರ್ಧದಲ್ಲಿ ಒಂದು ಜಿಡ್ಡಿನ ಮಚ್ಚೆ, ಅದರಲ್ಲಿ ತೆಳುವಾಗಿ ಹಳದಿ. ಗೋಪಿಚಂದನ. ಸಾರ್ ಮೂಗಿನ ಬುಡದಿಂದ ಹಣೆಯವರೆಗೆ ಎಳೆಯುವ ನಾಮ, ಬೆವರಿಗೆ ಇಳಿದು ಮೂಗಿನ ತುದಿಗೆ ಬಂದಿರುತ್ತದೆ.

ಮೂಗು ಅಲ್ಲಿಗೆ ಯಾಕೆ ಬಂತು?

ಪಾಸ್‌ಪೋರ್ಟ್ ಫೋಟೊದವರಿಗೆಂದು ಕನ್ನಡಿಯ ಹತ್ತಿರ ಇಟ್ಟಿರುವ ಪೌಡರನ್ನು ಮೂಗಿಗೆ ಹಚ್ಚಿಕೊಂಡು ಬಲಗಣ್ಣಲ್ಲಿ ನೋಡಿದೆ. ಪೌಡರಿನ ಗುರುತು ಸ್ಕ್ರೀನಿನ ಎಡಗಡೆ ಬಿತ್ತು. ಎಡಗಣ್ಣಲ್ಲಿ ನೋಡಿದೆ. ಬಲಗಡೆ ಬಿತ್ತು, ಆ ಹಳದಿ ಮಚ್ಚೆಯ ಜಾಗಕ್ಕೇ. ಊಟದ ಡಬ್ಬಿ ತಂದ ಆಂಟಿ, ಸಾರ್ ಹೆಂಡತಿ, ಬಾಗಿಲಲ್ಲೇ ನಿಂತಿದ್ದರು.

“ಏನೇ ಇದು? ಗಂಡು ಸಿಗಲಿಲ್ಲ ಅಂತ ಕ್ಯಾಮೆರಾಗೆ ಮುತ್ತು ಕೊಡ್ತಿದೀಯಾ?”

ನಾಚಿಕೆಯಲ್ಲಿ ಪೌಡರನ್ನು ಕೆನ್ನೆಗೂ ಬಳಿದುಕೊಂಡೆ. ಆಂಟಿ ನಕ್ಕರು. ಆಮೇಲೆ ಡಬ್ಬಿ ಇಡುತ್ತ, ತಾವಾಗಿಯೇ ಹೇಳಿದರು: “ನಿಮ್ಮ ಸಾರ್ ಸಂಜೆ ಹೊತ್ತು ಸ್ಕೂಟರ್ ಬಿಟ್ಬಿಟ್ಟಿದಾರೆ ಕಣೇ. ಎದುರಿನ ಲೈಟು ಒಡೆದು ಚೂರಾದಂಗೆ ಕಾಣುತ್ತಂತೆ. ಎಲ್ಲಾ ಬಿಳೀ ಲೈಟ್ ಹಾಕಿಸ್ಕೊಂಡ್ ಸಾಯ್ತಾರೆ ಅಂತ ಊರವ್ರನ್ನ ಬೈತಾರೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ ಮಾತು ಮರೆಸ್ತಾರೆ.”

ಈ ಕ್ಯಾಮೆರಾದ ಸ್ಕ್ರೀನನ್ನು ಮುಟ್ಟಿದ ಕಡೆಗೆ ಫೋಕಸ್ ಓಡುತ್ತದೆ. ಮೂಗು ತಗಲಿ ಗೊಂದಲವಾಗದಿರಲಿ ಎಂದು ಮಂಜಣ್ಣ ಅದನ್ನು ಬಲ ಅರ್ಧಕ್ಕೆ ಮಾತ್ರ ಸೆಟ್ ಮಾಡಿದ್ದಾನೆ, ಬಲಗಣ್ಣಲ್ಲಿ ನೋಡುವವರ ಮೂಗು ಎಡಕ್ಕಿರುತ್ತದಲ್ಲ. ‘ಬಲಗಣ್ಣು ಕ್ಯಾಮೆರಾಗೆ, ಎಡಗಣ್ಣು ಜನಕ್ಕೆ’ ಎಂದು ನನಗೆ ಕಲಿಸಿದ ಸಾರ್ ಈಗ ಎಡಗಣ್ಣಲ್ಲಿ ನೋಡುತ್ತಿದ್ದಾರೆ. ಪ್ರತಿ ಸಲ ಅವರ ಮೂಗು ಫೋಕಸ್ಸನ್ನು ತೊಟ್ಟಿಲ ಹೂವಿಗೆ, ಪರದೆಗೆ, ಮೊಣಕೈಗೆ ತಳ್ಳಿದೆ.

ಬಲಗಣ್ಣು ಹೋಗುತ್ತಿದೆ. ಹೋಗಿಯೇ ಬಿಟ್ಟಿರಬಹುದು.

ಫೆಬ್ರವರಿ 9

ರಜೆ. ನಿನ್ನೆ ಹೊರಡುವ ಮುಂಚೆ ಮುಟ್ಟುವ ಸೌಕರ್ಯವನ್ನು ಪೂರ್ತಿ ಆಫ್ ಮಾಡಿ ಬಂದೆ. ಯಾರಿಗೂ ಹೇಳಲಿಲ್ಲ.

ಇದು ಸಹಾಯವೋ ಮೋಸವೋ.

ಫೆಬ್ರವರಿ 11, ಮಂಗಳವಾರ

ಸಾರ್ ಎದುರಿನ ಬೇಕರಿಯವರನ್ನು, ಹೂವಿನವಳನ್ನು, ನನ್ನನ್ನು, ಮಂಜಣ್ಣನನ್ನು ನಿಲ್ಲಿಸಿ ನಿಲ್ಲಿಸಿ ತೆಗೆದರು. ಎಲ್ಲರ ರೆಪ್ಪೆಗೂದಲೂ ಎಣಿಸುವಷ್ಟು ಸ್ಪಷ್ಟ. ಅವರ ಮುಖ ನೋಡಬೇಕಿತ್ತು, ಹತ್ತು ವರ್ಷ ಕಮ್ಮಿಯಾಗಿತ್ತು.

“ಪರವಾಗಿಲ್ಲ ಕಣಯ್ಯ, ನಮ್ಮ ಜೊತೆ ಇದ್ದು ಇದಕ್ಕೂ ಬುದ್ಧಿ ಬಂತು.”

“ನಾನ್ ಹೇಳ್ಲಿಲ್ವಾ ಸಾರ್! ನಿಮ್ಮ ಹಳೇ ಲೆನ್ಸು, ಆ ಏಯ್ಟಿ ಫೈವ್‌ನ ಅಡಾಪ್ಟರ್ ಹಾಕಿ ಇದಕ್ಕೇ ಜೋಡಿಸ್ಬೋದು. ಕೊಡೋದೇ ಬೇಡ ಅದನ್ನ.”

“ಕೊಡೋದಾದ್ರೆ ಎಲ್ಲಾ ಕೊಡೋಣ. ಹಳೇದಕ್ಕೆ ಜೋತು ಬೀಳಬಾರದು.” ಹೋದ ವಾರ ಇದಕ್ಕೆ ತಲೆಕೆಳಗಾದ ಮಾತಾಡಿದ್ದರು. ಆಮೇಲೆ ಬ್ಯಾಟರಿ ಅರ್ಧ ದಿನಕ್ಕೇ ಮುಗಿಯುತ್ತದಲ್ಲ ಎಂದು ಸಾರ್, ಇನ್ನೆರಡು ಇಟ್ಕೊಂಡ್ರಾಯ್ತು ಎಂದು ಮಂಜಣ್ಣ, ಜಗಳ ಚಿಕ್ಕದಾಯಿತು. ಮಂಜಣ್ಣ ರಾಜಾಜಿನಗರದವರಿಗೆ ನನ್ನ ಮುಂದೆಯೇ ಫೋನ್ ಮಾಡಿ, ‘ಇಲ್ಲ ಗುರು, ನಾನು ಇಲ್ಲೇ’ ಎಂದ.

ಭಾನುವಾರ ಮೂಡಲಪಾಳ್ಯದ ನಾಗರಾಜು ಅವರ ಮಗಳು ಕೀರ್ತನಾ ಮದುವೆ. ಹೊಸ ಕ್ಯಾಮೆರಾದಲ್ಲಿ ಮೊದಲ ದೊಡ್ಡ ಕೆಲಸ. ಎಲ್ಲರೂ ಖುಷಿಯಾಗಿದ್ದಾರೆ. ನಾನು ಮಾತ್ರ ಒಂದು ಫೋಟೊವನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಹೂವಿನವಳ ಫೋಟೊ ತೆಗೆಯುವಾಗ ಅವಳ ಹಿಂದೆ ಬೇಕರಿಯಣ್ಣ ಬಂದು ನಿಂತಿದ್ದ. ಫೋಕಸ್ ಅವನ ಕಣ್ಣಿಗೆ ಹಾರಿತು. ಸಾರ್ ಗಮನಿಸಲಿಲ್ಲ. ತೆಗೆಯುತ್ತಲೇ ಇದ್ದರು.

ಫೆಬ್ರವರಿ 13, ಗುರುವಾರ

ನಾಗರಾಜು ಅವರ ಮನೆ, ಅರಿಶಿನ ಶಾಸ್ತ್ರ. ಚಪ್ಪರ, ಚಪ್ಪರದ ತುಂಬ ಬಿಸಿಲಿನ ಚುಕ್ಕೆಗಳು, ಹೆಂಗಸರ ನಗು.

ಸಾರ್ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಅವರ ಬಲಕ್ಕೆ, ಹಸೆಯ ಪಕ್ಕದಲ್ಲಿ, ಕಂಬದಷ್ಟೆತ್ತರದ ಹಿತ್ತಾಳೆ ದೀಪ ಉರಿಯುತ್ತಿತ್ತು. ನನಗೆ ಕಾಣುತ್ತಿತ್ತು. ‘ಸಾರ್’ ಅನ್ನಬೇಕಿತ್ತು. ಅವರ ಮೊಣಕೈ ತಗಲಿ ದೀಪ ವಾಲಿತು. ಮದುಮಗಳ ಅಜ್ಜಿ ಮುನಿಲಕ್ಷ್ಮಮ್ಮ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. ಎಣ್ಣೆ ಅವರ ಸೀರೆಗೆ ಚೆಲ್ಲಿತು. ಒಂದು ಗೇಣಿನಾಚೆ ಕೀರ್ತನಾಳ ಸೆರಗಿತ್ತು.

“ಏನ್ ಸಾರ್, ಕಣ್ ಕಾಣಲ್ವಾ?” ನಾಗರಾಜು ನಗುತ್ತಲೇ ಕೇಳಿದ್ದು.

ಸಾರ್ ಕೂಡ ನಕ್ಕರು. “ನಿನ್ನ ಮಗಳ ಕಳೆ ಕಣ್ಣು ಕುಕ್ಕಿತು ಕಣಯ್ಯ.” ಎಲ್ಲರೂ ಗೊಳ್ಳೆಂದರು. ಕ್ಯಾಮೆರಾದ ಬೆಲ್ಟನ್ನು ಅವರ ಬೆರಳುಗಳು ತಿರುಚುತ್ತಲೇ ಇದ್ದವು.

ಅಜ್ಜಿ ಮಾತ್ರ ನಗಲಿಲ್ಲ. ಎಣ್ಣೆ ಒರೆಸಿಕೊಳ್ಳುತ್ತ, “ಇವ್ನ ಮದ್ವೇಲಿ ತಾಳಿ ಫೋಟೊ ತೆಗ್ದೋರು ನೀವೇ. ಇವತ್ಗೂ ಗೋಡೆ ಮೇಲೈತೆ. ಯಜಮಾನ್ರು ಇರೋ ಫೋಟೊ ಅಂದ್ರೆ ನಮ್ಮನೇಲಿ ಅದೊಂದೇಯ. ಭಾನ್ವಾರ ಮಗೀದೂ ನೀವೇ ತೆಗೀಬೇಕು ಸಾಮಿ, ಬ್ಯಾರೆಯೋರ ಕೈಗೆ ಕೊಡ್ಬ್ಯಾಡಿ,” ಎಂದರು.

“ನಾನೇ ನಿಂತ್ಕೋತೀನಮ್ಮ. ಮಾತು.”

ಒಳಗೆ ನೀರು ಕುಡಿಯಲು ಹೋದಾಗ ಆ ಫೋಟೊ ನೋಡಿದೆ. ತಾಳಿ, ನಾಗರಾಜು ಅವರ ಬೆರಳು, ಹೆಂಡತಿಯ ಬಗ್ಗಿದ ಕತ್ತು, ಮೇಲಿಂದ ಬೀಳುತ್ತಿರುವ ಅಕ್ಷತೆ. ಹಿಂದೆ, ಸ್ವಲ್ಪ ಮಸುಕಿನಲ್ಲಿ, ಕಣ್ಣು ಒರೆಸಿಕೊಳ್ಳುತ್ತಿರುವ ಅಜ್ಜಿಯ ಯಜಮಾನರು. ಆ ಗದ್ದಲದಲ್ಲಿ ಸಾರ್ ಅವರನ್ನು ಕಂಡು, ಕಾದು, ಒತ್ತಿದ್ದಾರೆ. ಈ ಭಾನುವಾರವೂ ಅಂಥದ್ದು ಒಂದೇ ಸಲ ಬರುತ್ತದೆ.

ದೀಪ ಬಿದ್ದಿದ್ದರೆ?

ಫೆಬ್ರವರಿ 14, ಶುಕ್ರವಾರ

ಎಕ್ಸ್‌ಚೇಂಜಿಗೆ ಕೊಡುವ ಲೆನ್ಸುಗಳನ್ನು ಸಾರ್ ಮೇಜಿನ ಮೇಲೆ ಬಟ್ಟೆ ಹಾಸಿ ಸಾಲಾಗಿಟ್ಟಿದ್ದರು. ಫಂಗಸ್ ಹಿಡಿದಿದ್ದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಮಂಜಣ್ಣ ಮಂಟಪದ ಲೈಟು ನೋಡಲು ಹೋಗಿದ್ದ. ಸಾರ್ ಹಳೆಯ ಏಯ್ಟಿ ಫೈವ್ ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು, “ಇದು ಕ್ಲೀನಾಗಿದೆ, ಡಬ್ಬಿಗೆ ಹಾಕು,” ಎಂದು ನನ್ನ ಕೈಗೆ ಕೊಟ್ಟರು.

ನಾನು ಟಾರ್ಚ್ ಹಾಕಿ ನೋಡಿದೆ. ಗಾಜಿನ ಒಳಗೆ, ಅಂಚಿನಿಂದ ನಡುವಿಗೆ, ಜೇಡನ ನೂಲಿನ ಹಾಗೆ ಬೆಳೆದಿತ್ತು.

ಸುಮ್ಮನೆ ಡಬ್ಬಿಗೆ ಹಾಕಬಹುದಿತ್ತು.

“ಸಾರ್, ಫಂಗಸ್ ಇದೆ.”

“ಎಲ್ಲಿ?”

“ಇಲ್ಲಿ. ಅಂಚಲ್ಲಿ ಶುರುವಾಗಿ ಮಧ್ಯದವರೆಗೂ ಬಂದಿದೆ.”

ಅವರು ವಾಪಸ್ ತೆಗೆದುಕೊಂಡು ಬಲಗಣ್ಣಿಗೆ ಹಿಡಿದರು. ಎಡಗಣ್ಣಿಗೆ ಹಿಡಿದರು. ಬಹಳ ಹೊತ್ತು. ಆಮೇಲೆ ಲೆನ್ಸಿನ ಮುಚ್ಚಳ ಹಾಕಿ, ನನ್ನ ಕಡೆ ನೋಡದೆ ಕೇಳಿದರು.

“ದಿನಾ ಆ ಚಕ್ರನ ವಾಪಸ್ ತಿರುಗ್ಸಿ ಇಡೋದು ನೀನೇನಾ?”

ನಾನು ಟಾರ್ಚ್ ಆರಿಸಿದೆ.

“ಒಂದು ಹಲ್ಲು ಆ ಕಡೆ ಈ ಕಡೆ ಆಗಿರೋದು. ಮಂಜ ಆಗಿದ್ರೆ ವಾಪಸ್ ಇಡ್ತಾನೇ ಇರಲಿಲ್ಲ, ಅವ್ನಿಗೆ ಅಷ್ಟು ತಾಳ್ಮೆ ಎಲ್ಲಿ?” ನಗಲು ನೋಡಿದರು. “ಮೂಗಿಂದೂ ನೀನೇ ಸರಿ ಮಾಡಿದ್ದು ಅನ್ನು.”

“ಹೂಂ ಸಾರ್.”

“ಪೊರೆ ಅಂತೆ. ದೀಪಾವಳಿ ಟೈಮಲ್ಲೇ ಡಾಕ್ಟರು ಹೇಳಿದ್ರು. ಸೀಸನ್ ಮುಗೀಲಿ ಅಂದೆ. ಮನೇಲಿ ಗೊತ್ತಿಲ್ಲ.”

“ಆಪರೇಷನ್ ಮಾಡ್ಸಿದ್ರೆ ಸರಿಹೋಗುತ್ತಲ್ಲ ಸಾರ್?”

“ಹೋಗುತ್ತೆ. ಅಷ್ಟ್ರಲ್ಲಿ ಲಕ್ಷ್ಮೀಪತಿಗೆ ಕಣ್ಣು ಹೋಯ್ತಂತೆ ಅಂತ ಬಸವೇಶ್ವರನಗರಕ್ಕೆಲ್ಲ ಹಬ್ಬಿರುತ್ತೆ. ಕಣ್ಣು ವಾಪಸ್ ಬಂದ ಸುದ್ದಿ ಯಾರೂ ಹೇಳ್ಕೊಂಡ್ ಓಡಾಡಲ್ಲ ಸ್ಮೃತಿ.” ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿದರು. “ಭಾನುವಾರ ತಾಳಿ ನಾನೇ ತೆಗೀತೀನಿ. ಆ ಅಜ್ಜಿಗೆ ಮಾತು ಕೊಟ್ಟಿದೀನಿ. ಈಗ ಕಣ್ಣು ಹುಡುಕೋಕೆ ಕ್ಯಾಮೆರಾನೇ ಇದೆಯಲ್ಲ. ಮಂಜಂಗೆ ಏನೂ ಹೇಳ್ಬೇಡ, ಆಯ್ತಾ?”

ನಾನು ಹೂಂ ಅನ್ನಲಿಲ್ಲ. ಅವರು ಹೂಂ ಎಂದುಕೊಂಡರು. ಇಷ್ಟು ದಿನ ಎಲ್ಲರೂ ನನ್ನ ಮೌನವನ್ನು ಹಾಗೇ ಎಣಿಸಿಕೊಂಡಿದ್ದಾರೆ, ನಾನೂ ಬೇಡ ಎಂದಿಲ್ಲ.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ

ಗಂಟಲು ಕಟ್ಟಿದೆ. ನಿನ್ನೆ ರಿಸೆಪ್ಷನ್ನಿನಲ್ಲಿ ಐಸ್‌ಕ್ರೀಮ್ ತಿಂದದ್ದಕ್ಕೋ ಏನೋ. ಮದುವೆ ಮಂಟಪದಲ್ಲಿ ಹೆಣ್ಣಿನ ಕೋಣೆಯ ಪಕ್ಕದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಕೀರ್ತನಾಗೆ ಜಡೆ ಹಾಕುತ್ತಿದ್ದಾರೆ. ಕೆಳಗೆ ಓಲಗದವರು ತಮ್ಮ ಡೋಲು ಬಿಗಿ ಮಾಡುತ್ತಿದ್ದಾರೆ. ಧಾರೆಗೆ ಇನ್ನೂ ಹೊತ್ತಿದೆ.

ನಿನ್ನೆ ವೇದಿಕೆಯ ಮೇಲೆ ಹೊಸ ಕ್ಯಾಮೆರಾ ಹಿಡಿದು ಸಾರ್ ನಿಂತಿದ್ದರು. ಜನ ಮುತ್ತಿಕೊಂಡಿದ್ದರು. ಒಬ್ಬ ಮೊಬೈಲ್ ಎತ್ತಿ ಅವರ ಮುಂದೆಯೇ ಬಂದ. “ಅಣ್ಣ, ಮೊಬೈಲ್ ಕೆಳಗಿಳ್ಸಿ! ಆಂಟಿ, ನೀವು ಅವ್ರ ಹಿಂದಕ್ಕೆ ಬನ್ನಿ!” ಎಂದು ಕೂಗಬೇಕಾಯಿತು. ಸಾರ್ ಬಲಗಡೆಯವರನ್ನು ಕರೆಯುತ್ತಲೇ ಇರಲಿಲ್ಲ, ಅದಕ್ಕೆ. ಮಂಜಣ್ಣ ವಿಡಿಯೊ ಬಿಟ್ಟು ನನ್ನನ್ನೇ ನೋಡುತ್ತಿದ್ದ. ಅವನಿಗೆ ಏನಾಯಿತೋ ಗೊತ್ತಿಲ್ಲ.

ಬ್ಯಾಟರಿ ಚಾರ್ಜಿಗೆ ಹಾಕು ಎಂದು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಸಾರ್ ಮನೆಗೆ ಹೋದರು. ಈಗ ನಿನ್ನೆಯ ಫೋಟೊಗಳನ್ನು ಒಂದೊಂದಾಗಿ ನೋಡಿದೆ. ಗಂಡು ಹೆಣ್ಣು ಇಬ್ಬರೇ ನಿಂತಲ್ಲಿ ಎಲ್ಲವೂ ಚೆನ್ನಾಗಿದೆ. ಜನ ಸೇರಿದಲ್ಲಿ, ಮೇಕಪ್ ಮಾಡುವವಳ ಕಣ್ಣು ಸ್ಪಷ್ಟ, ಕೀರ್ತನಾ ಮಸುಕು. ಯಾರೋ ಬಂಧುವಿನ ಕಣ್ಣು ಸ್ಪಷ್ಟ, ಕೀರ್ತನಾ ಮಸುಕು. ಮುನಿಲಕ್ಷ್ಮಮ್ಮ ಮೊಮ್ಮಗಳ ಕೆನ್ನೆ ಮುಟ್ಟಿದಾಗ ಸೆರಗಿನ ಹಿಂದೆ ನಿಂತಿದ್ದ ಕೇಟರಿಂಗಿನವನ ಕಣ್ಣು ಸ್ಪಷ್ಟ. ‘ಯಾರ ಕಣ್ಣು ಅಂತ ಇದಕ್ಕೇನ್ ಗೊತ್ತು’ ಎಂದು ಹಿಂದೊಮ್ಮೆ ಸಾರ್ ಅವರೇ ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಸಾಲಾಗಿ ಕೂತಿದೆ.

ಇಲ್ಲಿ ಧಾರೆ ಮಂಟಪವನ್ನು ಒಂದು ಸಲ ಸುತ್ತಿ ನೋಡಿ ಬಂದೆ. ಬಲಗಡೆ ಹೋಮಕುಂಡ, ಅದರಾಚೆ ಎರಡು ದೀಪದ ಕಂಬ. ಗಂಡಿನ ಕಡೆಯವರು ಎಡಕ್ಕೆ ನುಗ್ಗುತ್ತಾರೆ. ಅಜ್ಜಿಗೆ ಕುರ್ಚಿ ಹಾಕಿರುವುದು ಹೆಣ್ಣಿನ ಹಿಂದೆ. ತಾಳಿ ಕಟ್ಟುವಾಗ ಎದ್ದು ನಿಲ್ಲುತ್ತಾರೆ, ಖಂಡಿತ. ನಾನು ನೆಲದ ಮೇಲೆ ಮಂಡಿಯೂರಿ ಕೂತರೆ ತಾಳಿ, ಕತ್ತು, ಅಜ್ಜಿಯ ಮುಖ ಮೂರೂ ಒಂದೇ ಸಾಲಿಗೆ ಬರುತ್ತವೆ.

ಹಳೆಯ ಕ್ಯಾಮೆರಾಗೆ, ದೂರ ಹತ್ತಿರ ಎಲ್ಲವೂ ಸ್ಪಷ್ಟವಾಗಿ ಬರುವ ಅಗಲದ ಲೆನ್ಸ್ ಹಾಕಿ ಸಾರ್ ಅವರಿಗೆಂದು ಇಟ್ಟಿದ್ದೇನೆ. ಧಾರೆಯ ಹಿಂದೆಯೇ ಮನೆತನದ ಗುಂಪು ಫೋಟೊಗಳು. ನೂರು ಜನರನ್ನು ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ, ಮುನಿಸಿಕೊಂಡವರನ್ನೂ ಎಳೆದು ತರುವುದು ನನ್ನಿಂದಾಗಲಿ ಮಂಜಣ್ಣನಿಂದಾಗಲಿ ಆಗದು. ತಾಳಿಯ ಹೊತ್ತಿಗೆ ಅವರು ಅಜ್ಜಿಯ ಕುರ್ಚಿಯ ಪಕ್ಕ, ದೀಪದಿಂದ ದೂರ, ನಿಂತು ಜನರನ್ನು ಸರಿಸಿದರೆ ಸಾಕು. ಅವರು ನಿಂತಿರುತ್ತಾರೆ, ‘ನಾನೇ ನಿಂತ್ಕೋತೀನಿ’ ಎಂದು ಅಜ್ಜಿಗೆ ಕೊಟ್ಟ ಮಾತೂ ಅಷ್ಟರ ಮಟ್ಟಿಗೆ ಉಳಿಯುತ್ತದೆ.

ಬೈಯಬಹುದು. ನಾಳೆಯಿಂದ ಬರಬೇಡ ಎನ್ನಬಹುದು. ಆಂಟಿಗೆ ಈ ದಿನವೇ ಎಲ್ಲ ತಿಳಿಯಬಹುದು.

ಚಕ್ರ ನಿನ್ನೆ ಸಾರ್ ಬಿಟ್ಟ ಜಾಗದಲ್ಲೇ, ತುದಿಯಲ್ಲಿತ್ತು. ನನ್ನ ಕಣ್ಣಿಗೆ ತಿರುಗಿಸಿಕೊಂಡೆ. ಕೋಣೆಯ ಬಾಗಿಲ ಸಂದಿಯಿಂದ ನೋಡಿದೆ. ಕೀರ್ತನಾಳ ಕಣ್ಣಂಚಿನಲ್ಲಿ ಹರಡಿದ ಕಾಡಿಗೆಯ ಒಂದು ಎಳೆಯೂ ಕಾಣುತ್ತದೆ.

ಇನ್ನು ಅದನ್ನು ವಾಪಸ್ ತಿರುಗಿಸಬೇಕು. ಸಾರ್ ಈಗ ಬಂದು ಕೈ ಚಾಚುತ್ತಾರೆ.

ಮಂಜಣ್ಣ ಮೈಕಿಗೆ ಸುತ್ತುವ ಕಪ್ಪು ಟೇಪಿನಲ್ಲಿ ಒಂದು ತುಂಡು ಕಿತ್ತು, ನನ್ನ ಕಣ್ಣಿಗೆ ತಿರುಗಿಸಿದಲ್ಲೇ ನಿಂತ ಚಕ್ರದ ಮೇಲೆ ಅಂಟಿಸಿದ್ದೇನೆ. ಉಗುರಿನಿಂದ ಎರಡು ಸಲ ಒತ್ತಿ ನೋಡಿದೆ. ಅಲುಗುವುದಿಲ್ಲ.